ಮಂಗಲಪಾದೆಯ ಕಲ್ಲು

ಕಾರ್ಕಳಕ್ಕೆ ಹೋದವರು ಗೊಮ್ಮಟ ಬೆಟ್ಟ ಹತ್ತಿ, ಫೋಟೊ ತೆಗೆದು ಇಳಿದು ಬರುತ್ತಾರೆ. ಅಷ್ಟು ದೊಡ್ಡ ಕಲ್ಲು ಅಲ್ಲಿಗೆ ಹೇಗೆ ಬಂತು ಎಂದು ಕೇಳುವವರು ಕಡಿಮೆ. ಶ್ರವಣಬೆಳಗೊಳದಲ್ಲಿ ಆ ಪ್ರಶ್ನೆಯೇ ಇಲ್ಲ. ಅಲ್ಲಿ ಬೆಟ್ಟದ ತುದಿಯನ್ನೇ ಕಡಿದು 58 ಅಡಿಯ ಮೂರ್ತಿ ಮಾಡಿದರು. ಕಾರ್ಕಳದ 42 ಅಡಿಯ ಮೂರ್ತಿಯನ್ನು ಬೇರೆ ಕಡೆ ಕೆತ್ತಿ, ಬಂಡಿಯಲ್ಲಿ ಬೆಟ್ಟಕ್ಕೆ ಎಳೆದು ತಂದರೆಂದು ಚಂದ್ರಮ ಕವಿಯ ಕಾವ್ಯ ಹೇಳುತ್ತದೆ. 1432ರಲ್ಲಿ ಅದನ್ನು ನಿಲ್ಲಿಸಿದ ಅರಸ ವೀರಪಾಂಡ್ಯ, ಗುರು ಲಲಿತಕೀರ್ತಿ, ಇಬ್ಬರ ಹೆಸರೂ ಉಳಿದಿದೆ. ಹಗ್ಗ ಎಳೆದವರ ಹೆಸರು ಯಾರು ಬಲ್ಲರು?

ಅದೇ ಕಾರ್ಕಳದ ಮಂಗಲಪಾದೆಯಲ್ಲಿ ನಮ್ಮ ಹಿರಿಯರ ಕಾಲದಲ್ಲೇ ಇನ್ನೊಂದು ಮೂರ್ತಿ ಹುಟ್ಟಿತು. ಧರ್ಮಸ್ಥಳದ 39 ಅಡಿಯ ಬಾಹುಬಲಿ. 1967ರಲ್ಲಿ ಕೆಲಸಕ್ಕೆ ಕೈ ಹಾಕಿದಾಗ ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರಿಗೆ ಎಪ್ಪತ್ತು ದಾಟಿತ್ತು.

ಆ ಪಾದೆ ನೋಡಲು ನಾನು ಮಾಮನನ್ನು ಕರೆದುಕೊಂಡು ಹೋದೆ. ಮಾಮ ಆಯುಷ್ಯವೆಲ್ಲ ಲಾರಿಯಲ್ಲಿ ಕೆಂಪುಕಲ್ಲು ಸಾಗಿಸಿದವರು. ಬಂಡೆಗೆ ಅಂಗೈ ಇಟ್ಟು, "ನಮ್ಮ ಕಲ್ಲು ನೆಲದಿಂದ ತೆಗೆಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಇದು ಮೊದಲೇ ಕಬ್ಬಿಣ" ಎಂದರು. ಕೆಂಪುಕಲ್ಲು ಒಂದು ಒಡೆದರೆ ಇನ್ನೊಂದು ತೆಗೆಯಬಹುದು. ಇಲ್ಲಿ ಒಂದೇ ಕಲ್ಲು; ಆರು ವರ್ಷ ಕೆತ್ತಿದ ಮೇಲೆ ಮೂಗಿನಲ್ಲೋ ಬೆರಳಿನಲ್ಲೋ ಬಿರುಕು ಬಿಟ್ಟರೆ ಎಲ್ಲ ಮುಗಿಯಿತು.

ಕೆತ್ತಿದ್ದಕ್ಕಿಂತ ಸಾಗಿಸಿದ್ದೇ ಮಾಮನಿಗೆ ದೊಡ್ಡದು. 1973ರಲ್ಲಿ ಮೂರ್ತಿಯನ್ನು ಮಲಗಿಸಿ, 64 ಚಕ್ರಗಳ ಟ್ರಾಲಿಯಲ್ಲಿ ಕೊಂಡೊಯ್ದರು. ಆಗಿನ ನಮ್ಮ ರಸ್ತೆ, ಸೇತುವೆ, ತಿರುವುಗಳನ್ನು ನೆನೆಸಿಕೊಳ್ಳಿ! ಉಜಿರೆಯಲ್ಲಿ ಮಾಮ ಅದನ್ನು ಕಣ್ಣಾರೆ ಕಂಡಿದ್ದರು. ರಸ್ತೆಯ ಎರಡೂ ಬದಿ ಜನ. ಬ್ಯಾರಿಗಳು, ಜೈನರು, ಬಿಲ್ಲವರು, ಕ್ರಿಶ್ಚಿಯನ್ನರು ಎಂದು ಲೆಕ್ಕ ಇಡುವ ಪುರುಸೊತ್ತು ಯಾರಿಗೂ ಇರಲಿಲ್ಲವಂತೆ. ಗಂಡಸರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು.

ಮೂರ್ತಿ ಎದ್ದು ನಿಂತದ್ದು 1975ರಲ್ಲಿ, ಮೊದಲ ಮಸ್ತಕಾಭಿಷೇಕ 1982ರಲ್ಲಿ. ಅದೆಲ್ಲ ಪುಸ್ತಕದಲ್ಲಿದೆ. ರಸ್ತೆಬದಿಯ ನೆನಪು ಮಾತ್ರ ಮುದುಕರ ಬಾಯಲ್ಲಿದೆ. ನಿಮ್ಮ ಮನೆಯ ಉಪ್ಪಾಪ, ಉಮ್ಮಾಮ ನೋಡಿದ್ದರೆ ಈಗಲೇ ಕೇಳಿ ಬರೆದಿಡಿ. ಮಾಮನಿಗಂತೂ ಒಂದೇ ವಿಷಯ ಗೊತ್ತಾಗಬೇಕು: ಆ ತಿರುವುಗಳಲ್ಲಿ ಸ್ಟೀರಿಂಗ್ ಹಿಡಿದವನು ಯಾರು?