ಉಣ್ಣೆಜ್ವರವೂ ಗೋರಕ್ತವೂ

ಕೆಚ್ಚಲಿಗೆ ಅಂಟಿಕೊಂಡಿದ್ದರೂ ಉಣ್ಣೆಯು ಹಾಲನ್ನರಿಯದೆಂಬ ಹೋಲಿಕೆ ಕನ್ನಡ ಸಾಹಿತ್ಯಕ್ಕೆ ಬಹು ಹಳೆಯದು. ಅಲ್ಲಿ ಉಣ್ಣೆಯ ಮೇಲಣ ಆರೋಪವು ರಕ್ತಪಾನವೊಂದೇ. ಅದು ಕುಡಿಯುವುದಕ್ಕಿಂತಲೂ ಬಿಟ್ಟುಹೋಗುವುದೇ ಘಾತುಕವೆಂದು ಲೋಕಕ್ಕೆ ವಿದಿತವಾದುದು ೧೮೯೩ರಲ್ಲಿ. ಟೆಕ್ಸಾಸ್ ಜ್ವರವು ಉಣ್ಣೆಯ ಮೂಲಕ ಹರಡುವುದೆಂದು ಅಮೆರಿಕದ ಥಿಯೊಬಾಲ್ಡ್ ಸ್ಮಿತ್, ಕಿಲ್ಬೋರ್ನ್ ಎಂಬ ಪಂಡಿತರು ಅಂದು ಸಿದ್ಧಪಡಿಸಿದರು. ನಮ್ಮ ಸೀಮೆಯ ದನಗಳನ್ನು ಪೀಡಿಸುವ ಥೈಲೇರಿಯಾ ಜೀವಾಣುವನ್ನು ೧೯೦೪ರಲ್ಲಿ ಕಾಕಸಸ್ ಪರ್ವತದಾಚೆಯ ಪ್ರಾಂತದಲ್ಲಿ ಮೊದಲು ವರ್ಣಿಸಲಾಯಿತು.

ಬೆಂಗಳೂರಿನ ದಕ್ಷಿಣಕ್ಕೆ, ಹೊಸೂರು ರಸ್ತೆಯ ಆಡುಗೋಡಿಯಲ್ಲಿ ೧೯೨೩ರಲ್ಲಿ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಯು ಸ್ಥಾಪಿತವಾಯಿತು. ನಂದಿಬೆಟ್ಟದಲ್ಲಿ ವಿಶ್ರಮಿಸಿ ೧೯೨೭ರಲ್ಲಿ ಬೆಂಗಳೂರಿಗಿಳಿದ ಗಾಂಧೀಜಿಯವರು ಇಲ್ಲಿಯೇ ಗೋಪಾಲನೆಯ ಪಾಠ ಕೇಳಿದರು. ಸ್ಕಾಟ್ಲೆಂಡಿನ ಐರ್‌ಷೈರ್ ಹೋರಿಗಳಿಂದ ಹರಿಯಾಣ ಹಸುಗಳಲ್ಲಿ ಮಿಶ್ರತಳಿಯನ್ನು ಪಡೆಯುವ ಪ್ರಯೋಗಗಳೂ ಇಲ್ಲಿ ನಡೆದುವು. ೧೯೫೫ರಲ್ಲಿ ಸಂಸ್ಥೆಯ ಕೇಂದ್ರಸ್ಥಾನವು ಕರ್ನಾಲಿಗೆ ಹೋಗಿ, ಆಡುಗೋಡಿಯದು ದಕ್ಷಿಣದ ಶಾಖೆಯಾಗಿ ಉಳಿಯಿತು. ಈ ಚರಿತ್ರೆಯನ್ನು ಹಾಲಿನ ಲೆಕ್ಕದಲ್ಲಿ ಬರೆಯುವುದು ವಾಡಿಕೆ. ರಕ್ತದ ಲೆಕ್ಕವೊಂದು ಅದರ ಜೊತೆಯಲ್ಲಿಯೇ ಇದೆ.

ಸೀಮೆಹಸುವಿನ ರಕ್ತವು ಬೆರೆತಷ್ಟೂ ಹಾಲು ಹೆಚ್ಚಿತು. ಆದರೆ ಉಣ್ಣೆಜ್ವರವನ್ನು ತಡೆಯುವ ಶಕ್ತಿ ಕುಗ್ಗಿತು. ನಾಟಿ ಹಸುವಿಗೆ ಈ ಜೀವಾಣು ತಗುಲಿದರೂ ಬಹುಮಟ್ಟಿಗೆ ಸೌಮ್ಯವಾಗಿ ಕಳೆಯುತ್ತದೆ. ಮಿಶ್ರತಳಿಗಾದರೋ ಅದು ಪ್ರಾಣಾಂತಿಕ. ಉಣ್ಣೆಯ ಜೊಲ್ಲಿನಿಂದ ಒಳಹೊಕ್ಕ ಜೀವಾಣುವು ಮೊದಲು ಬಿಳಿಯ ಕಣಗಳನ್ನು ಸೇರಿ ಅಲ್ಲಿ ವೃದ್ಧಿಹೊಂದುತ್ತದೆ. ಹೆಗಲ ಮುಂದಣ ಗ್ರಂಥಿಗಳು ಊದಿಕೊಂಡು ಜ್ವರವೇರುತ್ತದೆ. ಕೆಂಪುಕಣಗಳನ್ನು ಹೊಗುವುದು ಆಮೇಲೆ. ಆರೋಗ್ಯವಂತ ಹಸುವಿನ ನೂರು ಮಿಲಿಲೀಟರ್ ರಕ್ತದಲ್ಲಿ ೮ರಿಂದ ೧೫ ಗ್ರಾಂ ಹಿಮೋಗ್ಲೋಬಿನ್ ಇರುತ್ತದೆ. ಒಂದು ಘನ ಮಿಲಿಮೀಟರಿಗೆ ಕೆಂಪುಕಣಗಳು ೫೦ ಲಕ್ಷದಿಂದ ೧ ಕೋಟಿ. ರೋಗವು ಬಲಿತಂತೆ ಇವೆರಡೂ ಇಳಿಯುತ್ತವೆ, ಬಿಳಿಯ ಕಣಗಳೂ ಕ್ಷಯಿಸುತ್ತವೆ. ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ. ಬಾಬೇಸಿಯಾ ರೋಗದಲ್ಲಿ ಕೆಂಪುಕಣಗಳು ರಕ್ತನಾಳದಲ್ಲಿಯೇ ಒಡೆಯುವುದರಿಂದ ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಥೈಲೇರಿಯಾದಲ್ಲಿ ಅವು ಬಹುತರ ಗುಲ್ಮವೇ ಮೊದಲಾದ ಅಂಗಗಳಲ್ಲಿ ನಾಶವಾಗುವುವಾದುದರಿಂದ ಆ ಕುರುಹು ಸಾಮಾನ್ಯವಾಗಿ ದೊರೆಯದು. ದನಗಾಹಿಯ ಕಣ್ಣಿಗೆ ಒಂದು ರೋಗವು ಬೇಗ ಬೀಳುವುದಕ್ಕೂ ಇನ್ನೊಂದು ತಡವಾಗುವುದಕ್ಕೂ ಇದೇ ಕಾರಣವಿರಬೇಕು.

ಇನ್ನೊಂದು ತೊಡಕುಂಟು. ಗುಣಹೊಂದಿದ ದನದ ಕೆಂಪುಕಣಗಳಲ್ಲಿ ಜೀವಾಣುವು ಬಹುಕಾಲ ಉಳಿದಿರಬಹುದು. ಆದುದರಿಂದ ಗಾಜಿನ ಫಲಕದ ಮೇಲೆ ಅದು ಕಂಡಮಾತ್ರಕ್ಕೆ ಹಸು ಈಗ ರೋಗಿಯೆನ್ನಲಾಗದು. ರಕ್ತಕ್ಷಯವೆಷ್ಟು ಎಂಬುದನ್ನೂ ಅಳೆಯಬೇಕು. ಇಂತಹ ನಾಟಿ ಹಸು ತಾನು ನೋಯದೆ, ಒಂದೇ ಕೊಟ್ಟಿಗೆಯಲ್ಲಿರುವ ಮಿಶ್ರತಳಿಗೆ ಉಣ್ಣೆಯ ಮೂಲಕ ಮೃತ್ಯುವನ್ನು ದಾಟಿಸಬಲ್ಲುದು. ಉಣ್ಣೆಯು ಮರಿಯಾಗಿದ್ದಾಗ ಹೀರಿದ ಜೀವಾಣುವನ್ನು ಬೆಳೆದ ಮೇಲೆ ಬೇರೊಂದು ದನಕ್ಕೆ ಇಳಿಸುತ್ತದೆ.

೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ಅನಂತರದ ದಶಕಗಳಲ್ಲಿ ಸುತ್ತಣ ಹಳ್ಳಿಗಳ ಹುಲ್ಲುಗಾವಲುಗಳು ಬಡಾವಣೆಗಳಾದುವು. ಮೇಯುವ ದನವು ಕಟ್ಟುವ ದನವಾದರೆ ಉಣ್ಣೆಯ ಬಾಧೆ ತಗ್ಗುವುದೆಂದು ತೋರಬಹುದು. ಥೈಲೇರಿಯಾವನ್ನು ಹೊರುವ ಹಯಲೋಮ ಜಾತಿಯ ಉಣ್ಣೆಯಾದರೋ ಕೊಟ್ಟಿಗೆಯ ಗೋಡೆಬಿರುಕುಗಳಲ್ಲಿಯೇ ಮೊಟ್ಟೆಯಿಟ್ಟು ಸಂತಾನವನ್ನು ಬೆಳೆಸುವಂಥದು. ಬೂಪಾರ್ವಕ್ವೋನ್ ಎಂಬ ಔಷಧವೂ, ಮಿಶ್ರತಳಿಯ ಕರುಗಳಿಗೆ ಹಾಕುವ ಲಸಿಕೆಯೂ ಈಗ ಲಭ್ಯವಿವೆ. ಅವುಗಳೊಡನೆ ಪಶುವೈದ್ಯರು ತಪ್ಪದೆ ಹೇಳುವ ಕೆಲಸವು ಆ ಬಿರುಕುಗಳನ್ನು ಗಾರೆಯಿಂದ ಮುಚ್ಚುವುದು.