ಒತ್ತೆಯಿಟ್ಟ ಮನೆ, ಬಿಡಿಸಿಕೊಳ್ಳುವ ಹಕ್ಕು

ಕೆಲವು ವರ್ಷಗಳ ಹಿಂದೆ ವಡೋದರದಲ್ಲಿ ನಮ್ಮ ಕನ್ನಡ ಬಳಗದ ಯುಗಾದಿ ಕೂಟ ನಡೆದಿತ್ತು. ಹಿರಿಯರೊಬ್ಬರು ಎಲ್ಲರಿಗೂ ಪೇಡೆ ಹಂಚುತ್ತ, ‘ನಮ್ಮ ಮನೆ ಫೋರ್‌ಕ್ಲೋಸ್ ಆಯಿತು’ ಎಂದರು. ಅಮೆರಿಕದಿಂದ ರಜೆಗೆ ಬಂದಿದ್ದ ಅವರ ಸಂಬಂಧಿಯೊಬ್ಬರ ಕೈಯಲ್ಲಿದ್ದ ಪೇಡೆ ಹಾಗೆಯೇ ಉಳಿಯಿತು. ಅವರಿರುವ ಊರಿನಲ್ಲಿ ಆ ಮಾತಿಗೆ ಬ್ಯಾಂಕು ಮನೆಯನ್ನು ಕಿತ್ತುಕೊಂಡಿತು ಎಂದು ಅರ್ಥ. ನಮ್ಮ ಬ್ಯಾಂಕುಗಳ ಮಾತಿನಲ್ಲಿ ಅದರ ಅರ್ಥ ತೀರ ಬೇರೆ: ಅವಧಿಗೆ ಮುನ್ನವೇ ಪೂರ್ತಿ ಸಾಲ ತೀರಿಸಿ ಹಕ್ಕುಪತ್ರ ಬಿಡಿಸಿಕೊಂಡದ್ದು. ಗೊಂದಲ ಬಗೆಹರಿದು ಎಲ್ಲರೂ ನಕ್ಕರು. ನಗು ತಗ್ಗಿದ ಮೇಲೆ, ಸೂರತ್‌ನಿಂದ ಬಂದಿದ್ದ ಹುಬ್ಬಳ್ಳಿ ಕಡೆಯ ಗೃಹಸ್ಥರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: ‘ನನಗೂ ಒಂದು ಕಾಗದ ಬಂದೈತ್ರಿ ಸರ. ಅದು ಪೇಡೆ ಹಂಚೋ ಕಾಗದ ಅಲ್ಲ.’

ಅವರು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆ ಪಾಳಿ ಕಡಿಮೆ ಮಾಡಿತ್ತು, ನಾಲ್ಕು ಕಂತು ತಪ್ಪಿದ್ದವು. ಕಾಗದದಲ್ಲಿದ್ದದ್ದು ಅರವತ್ತು ದಿನಗಳ ಗಡುವು. ಆ ಅರವತ್ತು ದಿನಗಳು ಎಲ್ಲಿಂದ ಬಂದವು ಎಂದು ಹುಡುಕಹೊರಟಾಗ ನನಗೆ ಸಿಕ್ಕಿದ್ದು ಕಲ್ಯಾಣದಿಂದ ಅಣಹಿಲವಾಡದವರೆಗೆ ಹಬ್ಬಿದ ಒಂದು ಹಳೆಯ ಕಥೆ.

ಹನ್ನೊಂದನೆಯ ಶತಮಾನದ ಕೊನೆ, ಹನ್ನೆರಡನೆಯದರ ಆರಂಭದಲ್ಲಿ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನ ಬರೆದನು. ಆಸ್ತಿಯ ಪಾಲಿನ ವಿಷಯಕ್ಕೆ ಅದು ಹೆಸರಾಗಿದೆ. ಆದರೆ ಸಾಲ ಮತ್ತು ಒತ್ತೆಯ ವಿಚಾರವೂ ಅಲ್ಲಿ ವಿಸ್ತಾರವಾಗಿದೆ. ಒತ್ತೆಗೆ ಅಲ್ಲಿ ‘ಆಧಿ’ ಎಂದು ಹೆಸರು. ಬರಿದೆ ಕಾಪಾಡಬೇಕಾದ ಒತ್ತೆ ‘ಗೋಪ್ಯ’. ಸಾಲಕೊಟ್ಟವನು ಅನುಭವಿಸಬಹುದಾದದ್ದು ‘ಭೋಗ್ಯ’. ಬಾಡಿಗೆಯಿಲ್ಲದೆ ಇಡುಗಂಟು ಕೊಟ್ಟು ಮನೆ ಹಿಡಿಯುವುದನ್ನು ಬೆಂಗಳೂರಿನಲ್ಲಿ ಇಂದಿಗೂ ‘ಭೋಗ್ಯಕ್ಕೆ ಹಾಕಿಕೊಳ್ಳುವುದು’ ಎನ್ನುತ್ತಾರಲ್ಲ, ಆ ಪದದ ವಯಸ್ಸು ಇಷ್ಟು. ಬಡ್ಡಿ ಸೇರಿ ಸಾಲ ಇಮ್ಮಡಿಯಾದರೂ ಬಿಡಿಸಿಕೊಳ್ಳದಿದ್ದರೆ ಗೋಪ್ಯದ ಒತ್ತೆ ಕೈತಪ್ಪುತ್ತದೆ. ಫಲವನ್ನು ಅನುಭವಿಸುವ ಭೋಗ್ಯದ ಒತ್ತೆ ಮಾತ್ರ ಎಂದಿಗೂ ಕೈತಪ್ಪುವುದಿಲ್ಲ ಎಂಬುದು ಸ್ಮೃತಿಯ ನಿಲುವು. ಬೃಹಸ್ಪತಿಯ ಹೆಸರಿನ ಸ್ಮೃತಿ ಇನ್ನೊಂದು ಕರುಣೆಯನ್ನು ಸೇರಿಸಿತು. ಅವಧಿ ಮುಗಿದ ಕೂಡಲೇ ಸಾಲಿಗನು ಒಡೆಯನಾಗುವಂತಿಲ್ಲ; ಎರಡು ವಾರ ಕಾಯಬೇಕು; ಆ ನಡುವೆ ಹಣ ತಂದವನಿಗೆ ಒತ್ತೆಯನ್ನು ಮರಳಿಸಬೇಕು. ಸೂರತ್‌ಗೆ ಬಂದ ಕಾಗದದ ಅರವತ್ತು ದಿನಗಳಿಗೆ ಆ ಹದಿನಾಲ್ಕು ದಿನಗಳು ದೂರದ ಪೂರ್ವಜರಂತೆ ಕಾಣುತ್ತವೆ.

ಶಾಸ್ತ್ರ ಹೀಗೆ ಹೇಳಿದರೆ ವ್ಯವಹಾರ ಹೇಗಿತ್ತು? ಅದಕ್ಕೆ ಉತ್ತರ ಗುಜರಾತಿನಲ್ಲೇ ಇದೆ. ‘ಲೇಖಪದ್ಧತಿ’ ಎಂಬ ಸಂಸ್ಕೃತ ಸಂಕಲನವು ವಡೋದರದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925ರಲ್ಲಿ ಅಚ್ಚಾಯಿತು. ಅಣಹಿಲವಾಡ ಪಾಟಣದ ಚೌಲುಕ್ಯರ ಕಾಲದ ಬರೆಹಗಾರರಿಗೆ ಅದು ಮಾದರಿ ಪತ್ರಗಳ ಕೈಪಿಡಿ: ಕ್ರಯಪತ್ರ, ಸಾಲಪತ್ರ, ಅವುಗಳ ಸಾಲಿನಲ್ಲೇ ಮನೆಯನ್ನು ಒತ್ತೆಯಿಡುವ ಪತ್ರ. ಒತ್ತೆಗೆ ಅಲ್ಲಿ ಬಳಸಿದ ಮಾತು ‘ಅಡ್ಡಾಣಕ’. ಗುಜರಾತಿಯಲ್ಲಿ ಈಗಲೂ ಒತ್ತೆಯಿಡುವುದಕ್ಕೆ ‘ಅಡಾಣೇ ಮೂಕವುಂ’ ಎನ್ನುತ್ತಾರೆ. ನಮ್ಮ ‘ಅಡವು’, ‘ಅಡಮಾನ’ಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಕಿವಿಗೆ ಹಿತವಾಗುತ್ತದೆ. ಶಬ್ದದ ನಂಟು ಏನೇ ಇರಲಿ, ಮನೆಯನ್ನು ಕಾಗದದ ಮೇಲೆ ಇಟ್ಟು ಸಾಲ ತರುವ ಸಂಕಟ ಎರಡೂ ನಾಡುಗಳಿಗೆ ಹಳೆಯ ಪರಿಚಯ.

ಬ್ರಿಟಿಷರ ಕಾಲದಲ್ಲಿ ಈ ಎರಡು ನಾಡುಗಳು ಒಂದೇ ಸೂರಿನಡಿ ಬಂದವು. ಬೆಳಗಾವಿ, ಧಾರವಾಡ, ಬಿಜಾಪುರಗಳೂ ಅಹಮದಾಬಾದ್, ಸೂರತ್‌ಗಳೂ ಒಂದೇ ಮುಂಬಯಿ ಪ್ರಾಂತದ ಜಿಲ್ಲೆಗಳು. ವಡೋದರ ಮಾತ್ರ ಗಾಯಕವಾಡರ ಸಂಸ್ಥಾನ. ಸಾಲದ ಕಾನೂನಿನ ದೃಷ್ಟಿಯಿಂದ ಧಾರವಾಡದ ರೈತನೂ ಸೂರತ್ ಜಿಲ್ಲೆಯ ರೈತನೂ ಒಂದೇ ಕಟಕಟೆಯ ಮುಂದೆ ನಿಂತವರು. ಬಾಕಿ ಬಡ್ಡಿ ಅಸಲನ್ನು ಮೀರಬಾರದೆಂಬ ‘ದಾಮದುಪ್ಪಟ’ ನಿಯಮವನ್ನು ಮುಂಬಯಿ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರ ಮಟ್ಟಿಗೆ ಉಳಿಸಿಕೊಂಡವು. ಆದರೂ ಕಾಗದ ಸಾಲಿಗನ ಕೈಯಲ್ಲಿತ್ತು. ಓದು ಬಾರದವನ ಹೆಬ್ಬೆರಳಿನ ಗುರುತು ಅದರ ಮೇಲಿತ್ತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆಯಲ್ಲಿ ಸಿಡಿದ ರೈತರ ದಂಗೆಯಲ್ಲಿ ಜನ ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು, ಕಂಡಲ್ಲಿ ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖನ್ ರೈತರ ಪರಿಹಾರ ಕಾಯಿದೆ ಬಂತು. ಮುಂದೆ ಪ್ರಾಂತದ ಇತರ ಜಿಲ್ಲೆಗಳಿಗೂ ಹಬ್ಬಿತು. ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ, ಮೊದಲ ದಿನದಿಂದ ಲೆಕ್ಕ ತೆಗೆದು ನೋಡುವ, ಕಂತುಗಳಲ್ಲಿ ತೀರಿಸಲು ಬಿಡುವ ಅಧಿಕಾರ ಅದರಿಂದ ನ್ಯಾಯಾಧೀಶನಿಗೆ ದೊರೆಯಿತು. ಸಾಲಗಾರನ ಮೊದಲ ರಕ್ಷಣೆ ಲೆಕ್ಕ ಕೇಳುವುದು ಎಂಬ ಪಾಠವನ್ನು ನಾನು ಅಲ್ಲಿಂದಲೇ ತೆಗೆದುಕೊಂಡೆ.

1882ರ ಸ್ವತ್ತು ವರ್ಗಾವಣೆ ಕಾಯಿದೆ ಇಡೀ ವಿಷಯಕ್ಕೆ ಚೌಕಟ್ಟು ಹಾಕಿತು. ಅದರ 60ನೆಯ ಸೆಕ್ಷನ್ ಅಡಮಾನವಿಟ್ಟವನಿಗೆ ಬಿಡಿಸಿಕೊಳ್ಳುವ ಹಕ್ಕನ್ನು ಕೊಟ್ಟಿತು. ಒಮ್ಮೆ ಅಡಮಾನವಾದದ್ದು ಎಂದೆಂದಿಗೂ ಅಡಮಾನವೇ, ಪತ್ರದಲ್ಲಿ ಏನು ಬರೆದಿದ್ದರೂ ಅದು ತಾನಾಗಿ ಮಾರಾಟವಾಗದು ಎಂಬುದು ಅದರ ತಿರುಳು. ‘ಫೋರ್‌ಕ್ಲೋಷರ್’ ಎಂದರೆ ಈ ಹಕ್ಕಿನ ಬಾಗಿಲನ್ನು ಮುಚ್ಚುವುದು. ನಮ್ಮಲ್ಲಿ ಅದು ಕೆಲವೇ ಬಗೆಯ ಅಡಮಾನಗಳಿಗೆ ಸೀಮಿತ; ಸಾಮಾನ್ಯವಾಗಿ ಸಾಲಿಗನು ನ್ಯಾಯಾಲಯಕ್ಕೆ ಹೋಗಿ ಮಾರಾಟದ ಆದೇಶ ಪಡೆಯಬೇಕಿತ್ತು. ನ್ಯಾಯಾಲಯವಿಲ್ಲದೆ ಮಾರುವ ಅಧಿಕಾರ ಕೆಲವು ಪ್ರಸಂಗಗಳಿಗೆ ಮಾತ್ರ ಇತ್ತು. ಯುಗಾದಿಯ ದಿನ ಎರಡು ಅರ್ಥಗಳಿಗೆ ಎಡೆಯಾದ ಆ ಒಂದು ಪದದ ಹಿಂದೆ ಇಷ್ಟು ಚರಿತ್ರೆ ಇದೆ.

ಕಾನೂನು ಒಂದು ದಾರಿಯಾದರೆ, ಕೂಡಿ ಬದುಕುವುದು ಇನ್ನೊಂದು. 1889ರ ಫೆಬ್ರವರಿ 5ರಂದು ವಡೋದರದಲ್ಲಿ ವಿಠ್ಠಲ ಲಕ್ಷ್ಮಣ ಕವಠೇಕರರು ‘ಅನ್ಯೋನ್ಯ ಸಹಾಯಕಾರಿ ಮಂಡಳಿ’ಯನ್ನು ಕಟ್ಟಿದರು. ಸಹಕಾರಿ ಕಾಯಿದೆ ಹುಟ್ಟುವ ಮೊದಲೇ ನಡುವರ್ಗದ ಕುಟುಂಬಗಳು ತಮ್ಮ ಉಳಿತಾಯ ಕೂಡಿಸಿ ತಮ್ಮವರಿಗೇ ಸಾಲ ಕೊಟ್ಟುಕೊಂಡ ಪ್ರಯೋಗವದು. 1904ರ ಕಾಯಿದೆ ಬಂದ ಮರುವರ್ಷ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಪತ್ತಿನ ಸಂಘವನ್ನು ಆರಂಭಿಸಿದರು. ವಡೋದರದ ಗುಮಾಸ್ತನಿಗೂ ಕಣಗಿನಹಾಳದ ಒಕ್ಕಲಿಗನಿಗೂ ಭಯ ಒಂದೇ: ಸಾಹುಕಾರನ ಬಡ್ಡಿ. ಅಹಮದಾಬಾದಿನಲ್ಲಿ 1920ರ ದಶಕದಲ್ಲಿ ಪ್ರೀತಮರಾಯ ದೇಸಾಯಿಯವರು ಸಹಕಾರಿ ವಸತಿ ಸಂಘಗಳಿಗೆ ನಾಂದಿ ಹಾಡಿದರು. ಸಾಬರಮತಿಯ ಪಶ್ಚಿಮದ ದಂಡೆ ಈ ಸಂಘಗಳಿಂದಲೇ ಬೆಳೆಯಿತು. ಗುಜರಾತಿನಲ್ಲಿ ವಿಳಾಸ ಹೇಳುವಾಗ ಬಡಾವಣೆ ಎನ್ನದೆ ‘ಸೊಸೈಟಿ’ ಎನ್ನುವ ರೂಢಿ ಆ ಚರಿತ್ರೆಯ ಉಳಿಕೆ.

ಬಡವರಿಗೆ ಈ ಬಾಗಿಲೂ ತೆರೆದಿರಲಿಲ್ಲ. 1974ರಲ್ಲಿ ಇಳಾ ಭಟ್ಟರ ಸೇವಾ ಸಂಘಟನೆಯ ನಾಲ್ಕು ಸಾವಿರ ಮಹಿಳೆಯರು ತಲಾ 10 ರೂಪಾಯಿ ಪಾಲು ಹಾಕಿ ಅಹಮದಾಬಾದಿನಲ್ಲಿ ಸೇವಾ ಬ್ಯಾಂಕನ್ನು ಸ್ಥಾಪಿಸಿದರು. ತರಕಾರಿ ಮಾರುವವರು, ಚಿಂದಿ ಆಯುವವರು ಒತ್ತೆಯಿಟ್ಟದ್ದನ್ನು ಬಿಡಿಸಿಕೊಳ್ಳಲೆಂದೇ ಸಾಲ ಪಡೆದರು. 1980ರ ದಶಕದಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿ ಗಂಡಸರ ಸಂಬಳ ನಿಂತಾಗ ಎಷ್ಟೋ ಮನೆಗಳು ಇಂಥ ಹೆಂಗಸರ ದುಡಿಮೆಯ ಮೇಲೆ ನಿಂತವು.

ನಾವು ಇಂದು ಗೃಹಸಾಲ ಎನ್ನುವುದರ ಹುಟ್ಟಿಗೂ ಗುಜರಾತಿನ ನಂಟಿದೆ. 1911ರಲ್ಲಿ ಸೂರತ್‌ನಲ್ಲಿ ಹುಟ್ಟಿದ ಹಸಮುಖ ಠಾಕೋರದಾಸ್ ಪಾರೇಖರು, ನಿವೃತ್ತಿಯ ಬಳಿಕ, 1977ರಲ್ಲಿ ಮುಂಬಯಿಯಲ್ಲಿ ಎಚ್‌ಡಿಎಫ್‌ಸಿಯನ್ನು ಸ್ಥಾಪಿಸಿದರು. ಅಲ್ಲಿಯವರೆಗೆ ಸಂಬಳದಾರನು ಮನೆ ಕಟ್ಟುತ್ತಿದ್ದದ್ದು ಬಹುಮಟ್ಟಿಗೆ ನಿವೃತ್ತಿಯ ಗಂಟು ಕೈಗೆ ಬಂದ ಮೇಲೆ. ಮುಂದೆ ಮೂವತ್ತೈದರ ವಯಸ್ಸಿನವನೂ ಮನೆಯೊಡೆಯನಾದ. ಜೊತೆಗೆ ಇಪ್ಪತ್ತು ವರ್ಷಗಳ ಕಂತಿಗೂ ಒಡೆಯನಾದ. ಆ ಇಪ್ಪತ್ತು ವರ್ಷಗಳಲ್ಲಿ ಏನೆಲ್ಲ ಆಗಬಹುದು! 2001ರ ಜನವರಿ 26ರ ಭೂಕಂಪದಲ್ಲಿ ಅಹಮದಾಬಾದಿನ ಬಹುಮಹಡಿ ಕಟ್ಟಡಗಳು ಕುಸಿದವು. ಮನೆ ಕುಸಿದರೂ ಸಾಲ ಕುಸಿಯದೆಂಬ ಕಟುಸತ್ಯ ಆಗ ಅನೇಕರಿಗೆ ತಿಳಿಯಿತು. 2008ರಲ್ಲಿ ಅಮೆರಿಕದ ಗೃಹಸಾಲಗಳು ಮುಳುಗಿ, ಲಕ್ಷಾಂತರ ಮನೆಗಳು ಬ್ಯಾಂಕುಗಳ ವಶವಾದಾಗ ಅಲ್ಲಿಯ ಜನ ವಜ್ರ ಕೊಳ್ಳುವುದನ್ನು ಕಡಿಮೆ ಮಾಡಿದರು. ಆ ವರ್ಷದ ದೀಪಾವಳಿ ರಜೆಯ ಬಳಿಕ ಸೂರತ್‌ನ ಎಷ್ಟೋ ವಜ್ರದ ಕಾರ್ಖಾನೆಗಳ ಬಾಗಿಲು ತೆರೆಯಲೇ ಇಲ್ಲ. ಫ್ಲಾರಿಡಾದ ಒಂದು ಮನೆಯ ಜಪ್ತಿಗೂ ವರಾಛಾದ ಒಂದು ಮನೆಯ ತಪ್ಪಿದ ಕಂತಿಗೂ ನೇರ ನಂಟು ಇದ್ದ ಕಾಲವದು.

ಆ ಹೊತ್ತಿಗೆ ಕಾನೂನು ಬದಲಾಗಿತ್ತು. 2002ರ ಸರ್ಫೇಸಿ ಕಾಯಿದೆ, ಸಿವಿಲ್ ನ್ಯಾಯಾಲಯಕ್ಕೆ ಹೋಗದೆಯೇ ಒತ್ತೆಯ ಸ್ವತ್ತನ್ನು ವಶಪಡಿಸಿಕೊಂಡು ಮಾರುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟಿತು. ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಲ್ಲಿ ಗುಜರಾತಿನ ಮಾರ್ಡಿಯಾ ಕೆಮಿಕಲ್ಸ್ ಪ್ರಮುಖ. 2004ರ ಏಪ್ರಿಲ್ 8ರ ತೀರ್ಪು ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಮೇಲ್ಮನವಿಗೆ ಮುನ್ನ ಬಾಕಿಯ ಶೇಕಡಾ 75ನ್ನು ಠೇವಣಿ ಇಡಬೇಕೆಂಬ ಷರತ್ತನ್ನು ಹೊಡೆದುಹಾಕಿತು. ಸಾಲಗಾರನ ಆಕ್ಷೇಪಕ್ಕೆ ಬ್ಯಾಂಕು ಕಾರಣ ಸಹಿತ ಉತ್ತರಿಸಲೇಬೇಕೆಂದಿತು. ದೊಡ್ಡ ಕಂಪನಿಯೊಂದು ತನಗಾಗಿ ಹೂಡಿದ ದಾವೆಯಿಂದ ಸಣ್ಣ ಮನೆಯವರಿಗೆ ಮಾತನಾಡುವ ಹಕ್ಕು ಉಳಿಯಿತು. 2020ರ ಮೇ 5ರಂದು ಸಂವಿಧಾನ ಪೀಠವು ಸಹಕಾರಿ ಬ್ಯಾಂಕುಗಳಿಗೂ ಇದೇ ಅಧಿಕಾರವಿದೆ ಎಂದಿತು. ಸಾಹುಕಾರನಿಂದ ಪಾರಾಗಲು ಹುಟ್ಟಿದ ಸಂಸ್ಥೆಗಳ ಕೈಗೂ ಹರಾಜಿನ ಸುತ್ತಿಗೆ ಬಂದದ್ದು ಈ ಕಥೆಯ ಒಂದು ವಿಪರ್ಯಾಸ.

ಸೂರತ್‌ನ ಗೃಹಸ್ಥರೊಂದಿಗೆ ಕುಳಿತು ನಾವು ಈ ಚರಿತ್ರೆಯನ್ನು ದಿನಗಳ ಲೆಕ್ಕಕ್ಕೆ ಇಳಿಸಿದೆವು. ಕಂತು ತಪ್ಪಿ 90 ದಿನ ಮೀರಿದರೆ ಖಾತೆ ಸುಸ್ತಿಯೆಂದು ದಾಖಲಾಗುತ್ತದೆ; ಮಾತುಕತೆಗೆ ಅದಕ್ಕೂ ಮೊದಲಿನ ದಿನಗಳೇ ಉತ್ತಮ. ಅವಧಿ ಹೆಚ್ಚಿಸಿ ಕಂತು ಇಳಿಸುವುದನ್ನು, ಸಾಲವನ್ನು ಮರುಹೊಂದಿಸುವುದನ್ನು ಆಗಲೇ ಕೇಳಬೇಕು. ನೋಟಿಸು ಬಂದ ಬಳಿಕ 60 ದಿನಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸಬಹುದು. ಬ್ಯಾಂಕು 15 ದಿನಗಳಲ್ಲಿ ಉತ್ತರಿಸಬೇಕು. ನೋಟಿಸಿನ ನಂತರ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆ ಮಾರುವಂತಿಲ್ಲ, ಒಪ್ಪಿಗೆ ಪಡೆದು ಮಾರಬಹುದು. ವಶಕ್ಕೆ ತೆಗೆದುಕೊಳ್ಳುವ ಕ್ರಮದ ವಿರುದ್ಧ 45 ದಿನಗಳಲ್ಲಿ ಅಹಮದಾಬಾದಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಒಮ್ಮೆಗೇ ಇತ್ಯರ್ಥ ಮಾಡಿಕೊಳ್ಳುವ ರಿಯಾಯಿತಿಯನ್ನು ಕೇಳಬಹುದು, ಆದರೆ ಅದು ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿದೆ. ಎಲ್ಲಕ್ಕಿಂತ ಮುಖ್ಯವಾದದ್ದು, 2016ರ ತಿದ್ದುಪಡಿಯ ನಂತರ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಡುವವರೆಗೆ ಮಾತ್ರ. ಹರಾಜಿನ ದಿನ ಹಣ ತಂದರಾಯಿತು ಎಂದು ಕಾದವರು ಮನೆ ಕಳೆದುಕೊಳ್ಳುತ್ತಾರೆ. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದರೆ ಮಿಕ್ಕದ್ದು ಮನೆಯವನದು. ಕಡಿಮೆ ಬಂದರೆ ಉಳಿದ ಸಾಲವೂ ಅವನದೇ.

ಅವರು ಮೊದಲು ಲೆಕ್ಕ ಕೇಳಿದರು. ದಂಡದ ಬಾಬ್ತಿನಲ್ಲಿ ಒಂದಿಷ್ಟು ಕಡಿಮೆಯಾಯಿತು. ಅವಧಿ ಹೆಚ್ಚಿಸಿದರೂ ಹೊಸ ಕಂತು ಅವರ ಸಂಬಳಕ್ಕೆ ಹೊಂದಲಿಲ್ಲ. ಒಂದು ರಾತ್ರಿ ಫೋನು ಮಾಡಿ, ‘ಮಾರೇ ಬಿಡ್ತೀನ್ರಿ ಸರ, ಬ್ಯಾಂಕಿನವರು ಮಾರೋದಕ್ಕಿಂತ ನಾವೇ ಮಾರೋದು ಛಲೋ’ ಎಂದರು. ಬ್ಯಾಂಕಿನ ಒಪ್ಪಿಗೆ ಪಡೆದು, ಕೊಳ್ಳುವವರಿಂದಲೇ ಸಾಲ ತೀರಿಸಿಸಿ, ಕೈಯಲ್ಲಿ ಉಳಿದದ್ದನ್ನು ಮಗಳ ಕಾಲೇಜಿಗೆ ಇಟ್ಟುಕೊಂಡರು. ಈಗ ಬಾಡಿಗೆ ಮನೆಯಲ್ಲಿದ್ದಾರೆ. ಹೋದ ಯುಗಾದಿಗೆ ಅವರ ಮನೆಯವರು ಹೋಳಿಗೆ ಮಾಡಿ ತಂದಿದ್ದರು. ಮನೆಯ ಮಾತು ಯಾರೂ ಎತ್ತಲಿಲ್ಲ; ಅವರೇ ಎತ್ತಿದರು. ಹೊಸದಾಗಿ ಫ್ಲಾಟು ಕೊಂಡ ಹುಡುಗನೊಬ್ಬನನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೂರು ತಿಂಗಳು ಎಂದರೆ ಎಷ್ಟು ದಿನ ಎಂದು ಬೆರಳು ಮಡಿಸಿ ಎಣಿಸಿ ತೋರಿಸುತ್ತಿದ್ದರು.