ಮೈಸೂರು ವಿಶ್ವವಿದ್ಯಾನಿಲಯವೂ ಜನತೆಯೂ

ವಿಶ್ವವಿದ್ಯಾನಿಲಯವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ದೊಡ್ಡ ಕಟ್ಟಡ, ಪರೀಕ್ಷೆ, ಪದವಿ, ನಿಲುವಂಗಿ. ಆದರೆ ಅದರ ವೆಚ್ಚದಲ್ಲಿ ಒಂದು ಪಾಲು ಹೊಲದಲ್ಲಿ ದುಡಿಯುವವನ ಕಂದಾಯದಿಂದ ಬಂದುದು. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಅವನಿಗೆ ಅದರಿಂದ ಏನು ದೊರಕಿತು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ತಾವು ನಮ್ಮೊಡನೆ ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಒಮ್ಮೆ ನೋಡಬೇಕು.

1916ಕ್ಕೆ ಮೊದಲು ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಏನನ್ನು ಕಲಿಸಬೇಕೆಂಬುದು ಹೊರಗೆ ನಿರ್ಧಾರವಾಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಈ ಎರಡು ಕಾಲೇಜುಗಳನ್ನೇ ಆಧಾರವಾಗಿಟ್ಟುಕೊಂಡು ಹೊಸ ವಿಶ್ವವಿದ್ಯಾನಿಲಯ ಆರಂಭವಾಯಿತು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವದು. ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು.

ಸಂಶೋಧನೆಯ ಬೀಜ ಅದಕ್ಕಿಂತ ಮುಂಚೆಯೇ ಬಿದ್ದಿತ್ತು. 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಾಲಯದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಗಳನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಹೆಸರಷ್ಟೇ ಉಳಿದಿದ್ದ ಗ್ರಂಥ ಲೋಕದ ಕೈಗೆ ಬಂದಿತು. ಆ ಪುಸ್ತಕಾಲಯವೂ ಮುಂದೆ ವಿಶ್ವವಿದ್ಯಾನಿಲಯದ ಅಂಗವಾಯಿತು.

ಇಷ್ಟಾದರೂ ಕನ್ನಡ ನಾಡಿನ ವಿದ್ಯಾಪೀಠದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಗಲು 1927ರವರೆಗೆ ಕಾಯಬೇಕಾಯಿತು. ಅದಕ್ಕಾಗಿ ಶ್ರಮಿಸಿದವರಲ್ಲಿ ಮುಖ್ಯರಾದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರೆಂಬುದನ್ನು ನಾವು ಮರೆಯಬಾರದು. 1930ರ ದಶಕದಲ್ಲಿ ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡತೊಡಗಿದರು. ಆ ಮಾತುಗಳು ಸಣ್ಣ ಪುಸ್ತಕಗಳಾಗಿ ಹೊರಬಂದುವು. 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಪ್ರಕಟವಾಯಿತು.

ರೇಡಿಯೋ ಪತ್ರಿಕೆಯ ಓದುಗರು ಮತ್ತೊಂದು ಸಂಗತಿಯನ್ನು ವಿಶೇಷವಾಗಿ ನೆನೆಯಬೇಕು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪ್ರಸಾರಕೇಂದ್ರವೊಂದನ್ನು ತೆರೆದರು; ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದಿತು. 1942ರಲ್ಲಿ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. 1950ರ ದಶಕದಲ್ಲಿ ಆ ಹೆಸರು ಇಡೀ ದೇಶದ ರೇಡಿಯೋ ಸಂಸ್ಥೆಯ ಹೆಸರಾಯಿತು. ಅಕ್ಷರ ಬಾರದವನಿಗೂ ಕಿವಿಯ ಮೂಲಕ ವಿದ್ಯೆ ಮುಟ್ಟಬಹುದೆಂಬುದನ್ನು ಒಬ್ಬ ಅಧ್ಯಾಪಕ ತೋರಿಸಿಕೊಟ್ಟಂತಾಯಿತು.

ಇದೇ ವಿದ್ಯಾನಿಲಯದಲ್ಲಿ ಓದಿದ ಕುವೆಂಪು 1956ರಿಂದ 1960ರವರೆಗೆ ಅದರ ಕುಲಪತಿಗಳಾಗಿದ್ದರು. ಕುಕ್ಕರಹಳ್ಳಿ ಕೆರೆಯ ಬಳಿ ಸ್ನಾತಕೋತ್ತರ ಅಧ್ಯಯನಕ್ಕಾಗಿ ಎದ್ದ ನೆಲೆಗೆ ಅವರಿಟ್ಟ ಹೆಸರು ಮಾನಸಗಂಗೋತ್ರಿ. ಗಂಗೋತ್ರಿಯಲ್ಲಿ ಹುಟ್ಟಿದ ನದಿ ಅಲ್ಲಿಯೇ ನಿಲ್ಲುವುದಿಲ್ಲ; ಬಯಲಿಗೆ ಇಳಿದಾಗಲೇ ಅದರ ಸಾರ್ಥಕತೆ. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿ ವಿಶ್ವಕೋಶದಂಥ ಮಹಾಕಾರ್ಯವನ್ನು ಕೈಗೊಂಡಿತು. ಮೂಲ ಸಂಸ್ಥೆಯಿಂದ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಗಳು ಕವಲೊಡೆದುವು.

ಹಾಗಾದರೆ ಸಾಲ ತೀರಿತೆ? ಪೂರ್ತಿಯಾಗಿ ತೀರಲಿಲ್ಲ. ವಿಜ್ಞಾನದ ಉನ್ನತ ತರಗತಿಗಳಲ್ಲಿ ಇಂದಿಗೂ ಇಂಗ್ಲಿಷೇ ಪ್ರಧಾನ. ಹಳ್ಳಿಯಿಂದ ಬಂದ ಹುಡುಗಿ ವಿಷಯಕ್ಕೆ ಮುಂಚೆ ಭಾಷೆಯೊಡನೆ ಹೆಣಗಬೇಕು. ಆದರೆ ಈ ಕಂದಕಕ್ಕೆ ಸೇತುವೆ ಕಟ್ಟಬಹುದೆಂಬುದಕ್ಕೆ ನಿದರ್ಶನ ಬೇಕಾದರೆ ದೂರ ಹೋಗಬೇಕಾಗಿಲ್ಲ. ಉಪನ್ಯಾಸಕ್ಕೆ ಹಳ್ಳಿಗೆ ಹೋದ ಆ ಅಧ್ಯಾಪಕರನ್ನೂ ಮನೆಯಿಂದ ನಾಡಿಗೆ ಮಾತನಾಡಿದ ಆ ಪ್ರಾಧ್ಯಾಪಕರನ್ನೂ ನೆನೆದರೆ ಸಾಕು.